ಚಿನ್ನಪ್ಪ ಮೆಷಿನ್ ಆರಿಸಿದ್ದು

ಭಾನುವಾರ ಬೆಳಿಗ್ಗೆ ಲಿಂಗರಾಜಪುರದ ಆ ಓಣಿಯಲ್ಲಿ ನಂದಿತಾಳ ಸ್ಕೂಟರು ನಿಂತ ಸದ್ದು ಕೇಳಿದ್ದೇ ತಡ, ಚಿನ್ನಪ್ಪ ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆ ಹೊಕ್ಕು ಚಿಲಕ ಹಾಕಿಕೊಂಡ. ಸ್ನಾನ ಆಗಲೇ ಆಗಿತ್ತು. ಹಣೆಯ ವಿಭೂತಿಯೂ ಒಣಗಿತ್ತು. ಅರುವತ್ತು ದಾಟಿದ, ಮಿಲಿಟರಿಯಲ್ಲಿ ಕೋವಿ ರಿಪೇರಿ ಮಾಡಿಕೊಂಡಿದ್ದು ಪೆನ್ಷನ್ ತಗೊಂಡು ಬಂದ, ಮೀಸೆಗೆ ಇವತ್ತಿಗೂ ಎಣ್ಣೆ ಹಚ್ಚುವ ಗಂಡಸು ಒಬ್ಬ ಹೆಣ್ಣುಮಗಳಿಗೆ ಹೆದರಿ ಬಚ್ಚಲಲ್ಲಿ ಅಡಗಿ ಕೂತ ಅಂದರೆ ನಂಬುತ್ತೀರಾ? ನಂಬಬೇಕು. ಮಗ್ಗಿನಿಂದ ನೀರೆತ್ತಿ ಸುಮ್ಮನೆ ನೆಲಕ್ಕೆ ಸುರಿಯುತ್ತಾ ಕೂತಿದ್ದ.

"ಬಾಮ್ಮ, ಒಳಗ್ ಬಾ," ಎಂದು ಹೆಂಡತಿ ಪಿಳ್ಳಮ್ಮ ಬಂದವಳನ್ನು ಕರೆಯುವುದು ಕೇಳಿಸಿತು. "ಇದಾರೆ, ಸ್ನಾನಕ್ಕೆ ಹೋಗವ್ರೆ. ಇವತ್ತು ಎರಡನೇ ಸಲ. ಅದೇನ್ ಕೊಳೆ ಅಂಟ್ಕೊಂಡೈತೋ ಆ ದೇವ್ರಿಗೇ ಗೊತ್ತು."

"ಇರ್ಲಿ ಆಂಟಿ, ಕಾಯ್ತೀನಿ."

"ಕಾಯಿ ಕಾಯಿ. ಒಂದೇ ಬಕೆಟ್ ನೀರು ಇರೋದು, ಟ್ಯಾಂಕ್ ಖಾಲಿ. ಎಷ್ಟೊತ್ತು ಸುರ್ಕೊಂತಾರೋ ನಾನೂ ನೋಡ್ತೀನಿ."

ಬಕೆಟ್ಟು ಬೇಗ ಖಾಲಿಯಾಯಿತು. ಇನ್ನೇನು ಮಾಡುವುದು? ಚಿನ್ನಪ್ಪ ಒಣಗಿದ ಮೈಯಲ್ಲೇ, ಒಣಗಿದ ವಿಭೂತಿಯಲ್ಲೇ ಹೊರಗೆ ಬಂದ. ನಂದಿತಾ ನಗಲಿಲ್ಲ. ಕುರ್ಚಿಯಲ್ಲಿ ಕೂತು ಕಾಫಿ ಲೋಟ ಹಿಡಿದಿದ್ದಳು. ಎಡಗೈಯ ಎರಡು ಬೆರಳು ಲೋಟವನ್ನು ಸುತ್ತಿ ಹಿಡಿಯದೆ ನೆಟ್ಟಗೆ ಚಾಚಿಕೊಂಡಿದ್ದವು. ಚಿನ್ನಪ್ಪ ತಟ್ಟನೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಅವತ್ತು ಯಾವ ತಿಥಿ ಎಂದು ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ಅಂಕಲ್, ಕ್ಲಬ್ಬಿಗೆ ಹೊಸ ಮೆಷಿನ್ ತಗೋತಿದಾರೆ. ತೋಟಾ ತುಂಬೋದು," ಅಂದಳು ನಂದಿತಾ. "ಆರಿಸೋ ಕೆಲ್ಸ ಕಮಿಟಿಯೋರು ನಂಗೆ ಒಪ್ಪಿಸಿದಾರೆ. ನೀವು ಬರ್ಬೇಕು."

"ನಾನ್ಯಾಕಮ್ಮ? ನಾನು ಅದನ್ನೆಲ್ಲ ಬಿಟ್ಟು ಎಷ್ಟೋ ದಿನ ಆಯ್ತು."

"ಗೊತ್ತು. ಅದಕ್ಕೇ ಬಂದಿರೋದು."

ಇಲ್ಲಿ ಒಂದಿಷ್ಟು ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಈ ಮನುಷ್ಯ ಬಚ್ಚಲು ಸೇರಿದ್ದು ಯಾಕೆಂದು ತಿಳಿಯುವುದಿಲ್ಲ. ಕೆ.ಆರ್. ಪುರ ದಾಟಿ, ಹಳೆಯ ಕಲ್ಲುಕ್ವಾರಿಯ ಪಕ್ಕ ಶೂಟಿಂಗ್ ಕ್ಲಬ್ಬೊಂದಿದೆ. ಮಣ್ಣಿನ ಬಿಲ್ಲೆಗಳನ್ನು ಯಂತ್ರ ಆಕಾಶಕ್ಕೆ ಎಸೆಯುತ್ತದೆ, ಅವು ಹಾರುವಾಗ ಕೋವಿಯಿಂದ ಹೊಡೆದು ಪುಡಿ ಮಾಡಬೇಕು. ಅದೇ ಆಟ. ಬಿಲ್ಲೆಯನ್ನು ಅಲ್ಲಿ ಎಲ್ಲರೂ ಹಕ್ಕಿ ಅಂತಲೇ ಕರೆಯುತ್ತಾರೆ. ವಿದೇಶದಿಂದ ಬರುವ ತೋಟಾ ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ಹಾಗಾಗಿ ಹೊಡೆದು ಬಿಟ್ಟ ಖಾಲಿ ತೋಟಾಗಳಿಗೆ ಮತ್ತೆ ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಛರ್ರಾ ಅನ್ನುವ ಸಣ್ಣ ಸೀಸದ ಕಾಳು ತುಂಬಿ, ಬಾಯಿ ಮಡಚಿ ಅಭ್ಯಾಸಕ್ಕೆ ಬಳಸಲು ಕ್ಲಬ್ಬು ಸರ್ಕಾರದಿಂದ ಪರವಾನಗಿ ಪಡೆದಿತ್ತು. ಆ ಕೆಲಸಕ್ಕೆ ಕೂತವನು ಚಿನ್ನಪ್ಪ. ನಂದಿತಾ ಕಾಲೇಜು ಹುಡುಗಿಯಾಗಿ ಅಲ್ಲಿಗೆ ಬಂದಾಗ ಅವಳಿಗೆ ಕೋವಿ ಹೆಗಲಿಗೆ ಒತ್ತಿ ಹಿಡಿಯಲು ಹೇಳಿಕೊಟ್ಟವನೂ ಅವನೇ. ಮೊದಮೊದಲು ಮೇಡಂ ಎನ್ನುತ್ತಿದ್ದ. ಹಾಗೆ ಕರೆದರೆ ಬರುವುದೇ ಇಲ್ಲ ಎಂದು ಅವಳು ಜಗಳ ಮಾಡಿದ ಮೇಲೆ ಬರೀ ನಂದಿತಮ್ಮ ಆದಳು. ಈಗ ಅವಳು ಇಂದಿರಾನಗರದ ಬ್ಯಾಂಕೊಂದರಲ್ಲಿ ಆಫೀಸರು, ರಾಜ್ಯ ತಂಡದಲ್ಲಿ ಆಡಿದವಳು.

ಹಿಂದಿನ ವರ್ಷದ ಆಯುಧಪೂಜೆಯ ದಿನ ಕ್ಲಬ್ಬಿನವರು ಕೋವಿಗಳನ್ನೆಲ್ಲ ಮೇಜಿನ ಮೇಲಿಟ್ಟು, ಚೆಂಡುಹೂವು ಏರಿಸಿ, ಬೂದುಗುಂಬಳ ಒಡೆದರು. ಚಿನ್ನಪ್ಪ ಅಷ್ಟಕ್ಕೇ ಬಿಡುತ್ತಾನೆಯೇ? ತನಗೆ ಅನ್ನ ಹಾಕುತ್ತಿರುವುದು ತೋಟಾ ತುಂಬುವ ಮೆಷಿನ್ನು. ಅದನ್ನು ಉಜ್ಜಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮನಸ್ಸು ತುಂಬಿ ಬಂದು ಕೈತುಂಬ ಅಕ್ಷತೆ ಎರಚಿದ. ಮದ್ದು ಸುರಿಯುವ ಡಬ್ಬಿಯ ಮುಚ್ಚಳ ತೊಳೆದು ಬಿಸಿಲಿಗೆ ಇಟ್ಟಿದ್ದು ಆ ಭಕ್ತಿಯಲ್ಲಿ ನೆನಪಿಗೆ ಬರಲಿಲ್ಲ. ಮಾರನೆಯ ದಿನ ಎಲ್ಲ ಗುಡಿಸಿ ಒರೆಸಿ ಕೆಲಸಕ್ಕೆ ಕೂತ. ಒಂದು ಅಕ್ಕಿಕಾಳು ಮಾತ್ರ ಮದ್ದು ಇಳಿಯುವ ಕೊಳವೆಯೊಳಗೆ ಕೂತುಬಿಟ್ಟಿತ್ತು.

ಆ ಕಾಳು ಯಾವಾಗಲೋ ಅಡ್ಡ ನಿಂತು ಒಂದು ತೋಟಾಕ್ಕೆ ಮದ್ದು ಬೀಳದಂತೆ ತಡೆಯಿತು. ಅದರ ಮುಂದಿನದಕ್ಕೆ ಎರಡರ ಪಾಲೂ ಒಟ್ಟಿಗೆ ಬಿತ್ತು. ಅದು ವೇಗದ ಮೆಷಿನ್ನು, ಒಂದು ಸಲ ಹಿಡಿಕೆ ಎಳೆದರೆ ಒಂದು ತೋಟಾ ಮುಗಿದು ಕೆಳಗಿನ ಡಬ್ಬಕ್ಕೆ ಉರುಳುತ್ತಿತ್ತು, ಒಳಗೆ ಏನು ಬಿತ್ತು ಎಷ್ಟು ಬಿತ್ತು ಎಂದು ಯಾರಿಗೂ ಕಾಣುತ್ತಿರಲಿಲ್ಲ. ಎರಡು ಪಾಲು ಮದ್ದು ಬಿದ್ದ ತೋಟಾದ ಬಾಯಿ ಕೊಂಚವಾದರೂ ಉಬ್ಬಿದ್ದಿರಬೇಕು. ಕೈಗೆತ್ತಿಕೊಂಡು ನೋಡಿದ್ದರೆ ತಿಳಿಯುತ್ತಿತ್ತು. ಅವನು ನೋಡಲಿಲ್ಲ. ಆ ತೋಟಾ ನಂದಿತಾಳ ಕೋವಿಗೆ ಹೋಯಿತು. ನಳಿಗೆ ಸೀಳಿ ಅವಳ ಎಡಗೈ ಹರಿಯಿತು.

ಮೆಷಿನ್ನನ್ನು ಬಿಚ್ಚಿ, ಅರಿಶಿನದ ಆ ಕಾಳನ್ನು ಚಿಮುಟದಲ್ಲಿ ಹಿಡಿದು ಕಮಿಟಿಯವರ ಮುಂದೆ ಇಟ್ಟವನು ಚಿನ್ನಪ್ಪನೇ. "ನಾನೇ ಮಾಡಿದ್ದು," ಅಂದ. ಬೈಯಲಿ, ಪೊಲೀಸರಿಗೆ ಕೊಡಲಿ, ಕಪಾಳಕ್ಕೆ ಹೊಡೆಯಲಿ ಎಂದು ನಿಂತಿದ್ದ. ಅವರೋ, ಗ್ರಹಚಾರ ಬಿಡಿ ಚಿನ್ನಪ್ಪ, ದೇವರ ಕೆಲಸ ಮಾಡೋಕೆ ಹೋಗಿ ಆಯ್ತು ಎಂದುಬಿಟ್ಟರು. ಒಬ್ಬರಾದರೂ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಂದು ಬೀಗದಕೈ ಮೇಜಿನ ಮೇಲಿಟ್ಟು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ. ಬಾಗಿಲ ತನಕ ಹೋಗಿ ವಾಪಸು ಬಂದಿದ್ದ.

"ಆರಿಸೋಕೆ ಮಾತ್ರ ತಾನೆ?" ಎಂದು ಈಗ ಕ್ಯಾಲೆಂಡರಿಗೇ ಕೇಳಿದ.

"ಆರಿಸೋಕೆ. ಆಮೇಲೆ ತುಂಬೋಕೆ."

"ಆಗಲ್ಲ ಕಣಮ್ಮ. ಕೈ ಮುಗೀತೀನಿ, ಅದೊಂದು ಕೇಳ್ಬೇಡ."

ನಂದಿತಾ ಲೋಟ ಕೆಳಗಿಟ್ಟಳು. "ಕೈ ವಾಸಿ ಆಯ್ತು ಅಂಕಲ್. ಹಿಡಿಯೋಕೆ ಬರತ್ತೆ. ಆದ್ರೆ ಕೋವಿ ಕುದುರೆ ಎಳೆಯೋವಾಗ ಕಣ್ಣು ಮುಚ್ಕೊಂಡ್ಬಿಡತ್ತೆ. ಪ್ರತಿ ಸಲ. ಕಣ್ ಮುಚ್ಚಿದ್ರೆ ಹಕ್ಕಿ ಎಲ್ಲಿ ಕಾಣತ್ತೆ? ಮಳೆಗಾಲ ಮುಗಿದ್ಮೇಲೆ ಸ್ಟೇಟ್ ಟೀಮ್ ಸೆಲೆಕ್ಷನ್ ಇದೆ. ಅಷ್ಟೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ಕೋವಿ ಮಾರಿ ಬಿಟ್ಬಿಡ್ತೀನಿ. ನಿಮಗೆ ಹೇಳ್ದೆ ಬಿಡಬಾರ್ದು ಅನ್ನಿಸ್ತು."

ಪಿಳ್ಳಮ್ಮ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ರೀ, ಗೋಡೆ ನೋಡ್ಕೊಂಡ್ ನಿಂತ್ರೆ ಆಗೋಯ್ತಾ? ಹೆಣ್ಣುಮಗು ಮನೆ ಬಾಗಿಲಿಗೆ ಬಂದೈತೆ. ನೀವು ಬಚ್ಚಲು ಸೇರ್ಕೊಂತೀರಿ. ಪ್ಯಾಂಟ್ ಹಾಕ್ಕೊಂಡ್ ಹೊರಡ್ರಿ ಮೊದ್ಲು."

ಹಾಗೆ ಹೊರಟದ್ದು. ಬಂದೂಕಿನ ಅಂಗಡಿ ಇದ್ದದ್ದು ಶಿವಾಜಿನಗರದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗೆ. ಒಂದು ಕಡೆ ಬುರ್ಖಾ ಹೊಲಿಯುವವನು, ಇನ್ನೊಂದು ಕಡೆ ಪಾತ್ರೆಗೆ ಕಲಾಯಿ ಹಾಕುವವನು, ನಡುವೆ ಕಬ್ಬಿಣದ ಜಾಲರಿ ಬಾಗಿಲಿನ ಈ ಅಂಗಡಿ. ಮಾಲೀಕ ಶ್ರೀನಾಥ್‌ಗೆ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕರಲ್ಲೂ ಬಾಯಿ ಜೋರು.

"ಚಿನ್ನಪ್ಪನೋರೇ! ಬನ್ನಿ ಬನ್ನಿ. ಎಲ್ ಸಾರ್ ಮಾಯ ಆಗ್ಬಿಟ್ರಿ? ಊರು ಬಿಟ್ರೇನೋ ಅನ್ಕೊಂಡಿದ್ದೆ. ಮೇಡಂ ಫೋನ್ ಮಾಡಿದ್ರು, ಎಲ್ಲಾ ರೆಡಿ ಇಟ್ಟಿದೀನಿ, ನೋಡಿ."

ಮೇಜಿನ ಮೇಲೆ ಎರಡು ಮೆಷಿನ್ನು ಕೂರಿಸಿದ್ದ. ಚಿನ್ನಪ್ಪನ ಕೈ ತಾನಾಗಿಯೇ ಮುಂದೆ ಹೋಯಿತು. ಏನೇ ಹೇಳಿ, ಹಳೆಯ ಕೆಲಸದ ರುಚಿ ಕೈ ಬಿಡುವುದಿಲ್ಲ. ಮೊದಲನೆಯದರ ಹಿಡಿಕೆ ಹಿಡಿದು ಕೆಳಕ್ಕೆ ಎಳೆದ, ಎಳೆದು ಅಲ್ಲೇ ನಿಲ್ಲಿಸಿದ, ಇನ್ನೊಂದು ಕೈಯಿಂದ ಅದರ ಕಾಲು ಮುಟ್ಟಿ ನೋಡಿದ.

"ಬಾಗತ್ತೆ ಇದು," ಅಂದ.

"ಅಯ್ಯೋ ಅಲ್ಯೂಮಿನಿಯಂ ಸಾರ್, ಲೈಟ್ ವೇಟು. ರೇಟು ನೋಡಿ, ಇದಕ್ಕಿಂತ ಕಡಿಮೆಗೆ ಬೆಂಗಳೂರಲ್ಲೇ ಸಿಗಲ್ಲ."

"ಕಡಿಮೆಗೆ ಸಿಗತ್ತೆ, ಸರಿ. ಒತ್ತಿದ್ರೆ ಕಾಲು ಬಾಗೋ ಮೆಷಿನ್ನು ಇವತ್ತು ಒಂದಳತೆ ಕೊಡತ್ತೆ, ನಾಳೆ ಇನ್ನೊಂದು. ಎರಡು ವರ್ಷಕ್ಕೆ ಗುಜರಿಗೆ ಹೋಗತ್ತೆ. ಬೇಡ ನಂದಿತಮ್ಮ, ಇದು ಅಗ್ಗ ಅಲ್ಲ."

ಎರಡನೆಯದು ಹಸಿರು ಬಣ್ಣದ ದೊಡ್ಡ ಮೆಷಿನ್ನು. ಸುತ್ತ ತಿರುಗುವ ತಟ್ಟೆ, ಮೇಲೆ ಎರಡು ಡಬ್ಬಿ, ಪಕ್ಕದಲ್ಲಿ ಚಿಕ್ಕದೊಂದು ಪೆಟ್ಟಿಗೆ. ಎರಕ ದಪ್ಪವಾಗಿತ್ತು, ಹಿಡಿಕೆ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು, ಎಲ್ಲೂ ಅಲುಗಾಟವಿಲ್ಲ. ಚಿನ್ನಪ್ಪ ಮರೆ ಹಲಗೆಯನ್ನು ಎತ್ತಿ ಒಳಗೆ ಬೆರಳಾಡಿಸಿದ. ಒಳ್ಳೆಯ ಮಾಲು, ಸುಳ್ಳು ಹೇಳುವ ಹಾಗಿರಲಿಲ್ಲ.

"ಈ ಪೆಟ್ಟಿಗೆ ಏನು ಗೊತ್ತಾ ಸಾರ್?" ಶ್ರೀನಾಥ್ ಗೆಲುವಿನಿಂದ ಹೇಳಿದ. "ಮದ್ದು ಜಾಸ್ತಿ ಬಿದ್ರೂ ಕೂಗತ್ತೆ, ಕಮ್ಮಿ ಬಿದ್ರೂ ಕೂಗತ್ತೆ. ನೀವು ತಲೆ ಕೆಡಿಸ್ಕೊಳ್ಳೋ ಹಂಗೇ ಇಲ್ಲ. ಎಳೀತಾ ಹೋಗಿ, ಬೀಳ್ತಾ ಹೋಗತ್ತೆ."

ಚಿನ್ನಪ್ಪನ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಆ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದ. ಇಷ್ಟು ದಿನ ಇದು ಎಲ್ಲಿ ಹಾಳಾಗಿ ಹೋಗಿತ್ತು ಎಂದು ಕೊಂಚ ಸಿಟ್ಟೂ ಬಂತು. "ಇದನ್ನೇ ತಗೊಂಡ್ಬಿಡಿ," ಅಂದ. "ಕಮಿಟಿಯೋರಿಗೂ ಖುಷಿ. ಬೇಗ ಬೇಗ ಆಗತ್ತೆ."

"ಬೇಗ ಆಗತ್ತೆ ಅಂತಾನಾ ಹೇಳ್ತಿರೋದು?" ನಂದಿತಾ ಕೇಳಿದಳು.

"ಸೇಫು ಕಣಮ್ಮ. ತಪ್ಪಾದ್ರೆ ಅದೇ ಕೂಗತ್ತೆ."

"ಕೂಗ್ಲಿಲ್ಲ ಅಂದ್ರೆ?"

"ಕೂಗ್ಲಿಲ್ಲ ಅಂದ್ರೆ ಮೆಷಿನ್ ತಪ್ಪು. ನಂದಲ್ಲವಲ್ಲ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು. ನಂದಿತಾ ಅವನ ಮುಖವನ್ನೇ ನೋಡಿ, "ಓ, ಅದಕ್ಕಾ," ಎಂದಳು, ಅಷ್ಟೇ. ಕೋಪವಿರಲಿಲ್ಲ. ಅದೇ ಅವನನ್ನು ಕೆರಳಿಸಿತು.

"ಹೌದು, ಅದಕ್ಕೇ!" ಎಂದು ಚಿನ್ನಪ್ಪ ದನಿ ಏರಿಸಿದ. "ಏನು ಈಗ? ಇನ್ನೊಂದ್ಸಲ ಆದ್ರೆ ತಡ್ಕೊಳ್ಳೋ ಶಕ್ತಿ ಇಲ್ಲ ನಂಗೆ. ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ. ನಾನ್ ಬರ್ತೀನಿ." ಜಾಲರಿ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟೇಹೋದ.

ಹೋಗುವುದೆಲ್ಲಿಗೆ? ಭಾನುವಾರದ ಶಿವಾಜಿನಗರದಲ್ಲಿ ಸಿಟ್ಟಿನಿಂದ ಬಿರಬಿರನೆ ನಡೆಯಲಾದರೂ ಜಾಗವುಂಟೇ? ಕೋಳಿಬುಟ್ಟಿ ಹೊತ್ತವನು ಎದುರಾದ, ಅವನು ದಾರಿ ಬಿಡುವ ಹೊತ್ತಿಗೆ ತಳ್ಳುಗಾಡಿ ಅಡ್ಡ ಬಂತು, ಬಟ್ಟೆ ರಾಶಿಯ ಮುಂದೆ ಹೆಂಗಸರು ಚೌಕಾಸಿ ಮಾಡುತ್ತಾ ದಾರಿ ತುಂಬಿದ್ದರು. ರಸಲ್ ಮಾರ್ಕೆಟ್ಟಿನ ಹತ್ತಿರ ಬರುವಷ್ಟರಲ್ಲಿ ಅವನ ಸಿಟ್ಟಿಗೂ ಸುಸ್ತಾಗಿತ್ತು. ಒಂದು ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತ.

ಕೂತರೆ ಯೋಚನೆ ಬಿಡುತ್ತದೆಯೇ. ಒಳ್ಳೆಯ ಮೆಷಿನ್ನು, ತಾನು ಸುಳ್ಳೇನೂ ಹೇಳಿಲ್ಲವಲ್ಲ ಎಂದುಕೊಂಡ. ಬೇರೆಯವರಿಗೆ ಅದೇ ಸರಿ. ಆದರೆ ತಾನು ಅದರ ಎರಕವನ್ನು ನೋಡಿ, ಹಿಡಿಕೆಯನ್ನು ನೋಡಿ, ಕೊನೆಗೆ ಆರಿಸಿದ್ದು ಯಾಕೆ? ತಪ್ಪನ್ನು ಹೊತ್ತುಕೊಳ್ಳಲು ಇನ್ನೊಂದು ಹೆಗಲು ಸಿಕ್ಕಿತೆಂದು. ನಾಳೆ ಇನ್ನೊಬ್ಬಳ ಕೈ ಹರಿದರೂ ತಾನು ರಾತ್ರಿ ಊಟ ಮಾಡಬಹುದು ಎಂದು. ಥೂ, ಎಂಥ ಲೆಕ್ಕ ಇದು ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಹಳೆಯ ಮೆಷಿನ್ನಿನ ಮುಂದೆ ಕೂತಾಗಲೂ ಹೀಗೇ ತಾನೆ ಆಗಿದ್ದು? ಅದು ಮಾಡುತ್ತದೆ ಎಂದು ಇವನು ನೋಡುವುದನ್ನು ಬಿಟ್ಟಿದ್ದ. ಅಕ್ಕಿಕಾಳು ಒಂದು ನೆಪ. ಇಷ್ಟು ದಿನ ಆ ಕಾಳನ್ನೇ ಶಪಿಸಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಂದಿತಾ ಬಂದು ಪಕ್ಕದಲ್ಲಿ ಕೂತಳು. ಎರಡು ಚಹಾ ಹೇಳಿದಳು. ಚಹಾ ಬಂದಾಗ ಲೋಟವನ್ನು ಬೇಕೆಂದೇ ಎಡಗೈಯಲ್ಲಿ ತೆಗೆದುಕೊಂಡಳು.

"ಅಂಕಲ್, ಆವತ್ತಿಂದ ನೀವು ಈ ಕೈ ನೋಡೇ ಇಲ್ಲ. ಮನೆಗೆ ಬಂದ್ರೆ ಕ್ಯಾಲೆಂಡರ್ ನೋಡ್ತೀರ, ಅಂಗ್ಡೀಲಿ ಮೆಷಿನ್ ನೋಡ್ತೀರ. ಒಂದ್ಸಲ ನೋಡಿ."

ಲೋಟ ಕೆಳಗಿಟ್ಟು ಕೈಯನ್ನು ಅವನ ತೊಡೆಯ ಮೇಲೆ ಅಂಗಾತ ಇಟ್ಟಳು. ಅಂಗೈಯಿಂದ ಬೆರಳ ತುದಿಯವರೆಗೆ ಹೊಲಿಗೆಯ ಗುರುತು. ಎರಡು ಬೆರಳು ಅರ್ಧ ಮಾತ್ರ ಮಡಚುತ್ತಿದ್ದವು. ಚಿನ್ನಪ್ಪ ನೋಡಿದ. ನೋಡಿದ್ದಾಯಿತು ಎಂದು ಕಣ್ಣು ತೆಗೆಯಲು ಹೋದರೆ ಆಗಲಿಲ್ಲ. ಆ ಬೆರಳುಗಳನ್ನು ತನ್ನ ಒರಟು ಬೆರಳಿನಿಂದ ಸವರಿದ. ಸಂತೆಯ ನಡುವೆ, ಮೀಸೆ ಹೊತ್ತ ಮುದುಕ, ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ಚಹಾದವನು ನೋಡಿಯೂ ನೋಡದ ಹಾಗೆ ಸ್ಟೌ ಪಂಪು ಮಾಡುತ್ತಿದ್ದ.

"ತುಂಬಾ ನೋವಾಯ್ತೇನಮ್ಮ?" ಎಂದು ಕೇಳಿದ. ಇಷ್ಟು ದಿನದಲ್ಲಿ ಅವಳನ್ನು ಕೇಳಬೇಕಾಗಿದ್ದ ಮೊದಲ ಮಾತು ಅದು.

"ಆಯ್ತು. ತುಂಬಾ ಆಯ್ತು. ನಿಮ್ಮ ಮೇಲೆ ಸಿಟ್ಟೂ ಬಂತು. ಆಸ್ಪತ್ರೆಗೆ ಬರ್ಲಿಲ್ಲ ಅಂತ ಅದಕ್ಕಿಂತ ಜಾಸ್ತಿ ಬಂತು." ಅವಳು ಕಣ್ಣೊರೆಸಿಕೊಂಡಳು. "ಈಗ ಕೇಳಿ. ಫ್ಯಾಕ್ಟರಿ ತೋಟಾ ಹಾಕಿದ್ರೂ ನಂಗೆ ಕಣ್ ಮುಚ್ಚತ್ತೆ. ಅದನ್ನ ಯಾರ್ ಮಾಡಿದ್ರೋ, ಎಲ್ ಮಾಡಿದ್ರೋ. ಅವ್ರಿಗೆ ಈ ಕೈ ಗೊತ್ತಿಲ್ಲ. ನಿಮಗೆ ಗೊತ್ತು. ನಿಮ್ಮಷ್ಟು ಹೆದ್ರಿಕೊಂಡು ತುಂಬೋರು ಇನ್ನೆಲ್ಲಿ ಸಿಗ್ತಾರೆ ನಂಗೆ?"

ಚಿನ್ನಪ್ಪನ ಚಹಾ ಆರಿತ್ತು, ಅದನ್ನೇ ಒಂದು ಗುಟುಕಿಗೆ ಕುಡಿದ. ಆಮೇಲೆ ಪ್ಯಾಂಟು ಕೊಡವಿಕೊಂಡು ಎದ್ದ. "ಬಾ," ಅಂದ. "ಆ ಶ್ರೀನಾಥನ ಅಟ್ಟದ ಮೇಲೆ ಒಂದು ಕಪ್ಪು ಹಿಡಿಕೆ ಕಂಡಂಗಾಯ್ತು."

ಕಂಡದ್ದು ನಿಜವೇ. ಶ್ರೀನಾಥ್ ಏಣಿ ಹತ್ತಿ, ಗೊಣಗುತ್ತಾ, ಗೋಣಿಚೀಲದಲ್ಲಿ ಸುತ್ತಿದ್ದ ಮೆಷಿನ್ನೊಂದನ್ನು ಇಳಿಸಿದ. "ಇದಾ? ಪುಲಿಕೇಶಿನಗರದ ಹಳೇ ಬಂಗಲೆ ಖಾಲಿ ಮಾಡೋವಾಗ ತಂದಿದ್ದು ಸಾರ್. ಒಂದೇ ಒಂದು ಕೂರಿಸೋ ಜಾಗ. ಕೇಪಿಗೆ ಒಂದ್ಸಲ ಎಳೀಬೇಕು, ಮದ್ದಿಗೆ ಬೇರೆ, ಛರ್ರಾಗೆ ಬೇರೆ, ಬಾಯಿ ಮಡಚೋಕೆ ಬೇರೆ. ಈಗಿನ ಕಾಲದಲ್ಲಿ ಯಾರ್ ಸಾರ್ ಇದನ್ನ ಇಟ್ಕೊಂಡ್ ಕೂರ್ತಾರೆ?"

ಚಿನ್ನಪ್ಪ ಮೆಷಿನ್ನನ್ನು ತನ್ನ ಕಡೆ ಎಳೆದುಕೊಂಡ. ಧೂಳು ಒರೆಸಿದ. ಎರಕದ ಕಬ್ಬಿಣ, ಎತ್ತಿದರೆ ತೋಳು ಎಳೆಯುವಷ್ಟು ತೂಕ. ಮೇಲೆಲ್ಲ ತುಕ್ಕು. ಉಗುರಿನಿಂದ ಕೆರೆದು, ತುಕ್ಕು ಮೇಲ್ಮೈಯದು ಮಾತ್ರ, ಒಳಗೆ ಇಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಒಳಗಿನ ಕಂಬವನ್ನು ಮೇಲೆ ಕೆಳಗೆ ಆಡಿಸಿ, ಕಿವಿ ಹತ್ತಿರ ತಂದು ಕೇಳಿದ. ಪಕ್ಕಕ್ಕೆ ಅಲುಗಿಸಿ ನೋಡಿದ, ಅಲುಗಲಿಲ್ಲ. ತಿರುಪಿನ ಹಲ್ಲುಗಳನ್ನು ಟಾರ್ಚು ಬಿಟ್ಟು ಒಂದೊಂದಾಗಿ ನೋಡಿದ. ಬುಷ್ ಅನ್ನುವ ಒಂದು ಬಳೆ ಮಾತ್ರ ಸವೆದಿತ್ತು, ಅದನ್ನು ಹಲಸೂರಿನ ಯಾವ ಲೇತಿನವನಾದರೂ ಹೊಸದಾಗಿ ಕಡೆದು ಕೊಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಮರೆ ಎಂಬುದೇ ಇರಲಿಲ್ಲ. ಮದ್ದು ಹಾಕಿದ ಮೇಲೆ ತೋಟಾಗಳನ್ನೆಲ್ಲ ಹಲಗೆಯ ಮೇಲೆ ನಿಲ್ಲಿಸಿ, ಬೆಳಕು ಬಿಟ್ಟು, ಪ್ರತಿಯೊಂದರ ಒಳಗೂ ಬಗ್ಗಿ ನೋಡಿಯೇ ಮುಂದಿನ ಕೆಲಸಕ್ಕೆ ಹೋಗಬೇಕು. ನೋಡದೆ ಮುಂದಕ್ಕೆ ಹೋಗೋಣವೆಂದರೂ ಅದು ಬಿಡುತ್ತಿರಲಿಲ್ಲ.

"ಇದು," ಅಂದ.

"ಇದಕ್ಕೆ ಕಮಿಟಿ ದುಡ್ಡು ಅರ್ಧವೂ ಬೇಡ," ಎಂದಳು ನಂದಿತಾ.

"ಉಳಿದಿದ್ದರಲ್ಲಿ ಒಳ್ಳೇ ತಕ್ಕಡಿ ತಗೊ. ಸೂಕ್ಷ್ಮದ್ದು. ಮೆಷಿನ್‌ಗಿಂತ ತಕ್ಕಡಿಗೆ ಹೆಚ್ಚಾದ್ರೂ ಪರ್ವಾಗಿಲ್ಲ. ಮತ್ತೆ ಒಂದು ದೀಪ, ಕತ್ತು ಬಗ್ಗೋ ಅಂಥದ್ದು. ಶ್ರೀನಾಥ್, ಮುಖ ಸಣ್ಣದ್ ಮಾಡ್ಕೋಬೇಡ. ತಕ್ಕಡಿ ನಿನ್ ಹತ್ರಾನೇ ತಗೋತೀವಿ."

ಶ್ರೀನಾಥ್ ನಕ್ಕ. "ನಿಮ್ಮಂಥ ಗಿರಾಕಿಗಳು ನಾಲ್ಕು ಜನ ಬಂದ್ರೆ ನಾನು ಅಂಗಡಿ ಮುಚ್ಚಿ ತರಕಾರಿ ಮಾರ್ಬೇಕು ಸಾರ್," ಎಂದು ಗೋಣಿಚೀಲ ಕೊಡವಿದ.

ಕಮಿಟಿಯವರು ಮೂಗು ಮುರಿದರು. ಹೊಸ ಮೆಷಿನ್ ತನ್ನಿ ಎಂದರೆ ಗುಜರಿ ತಂದಿದ್ದೀರಲ್ಲ, ದಿನಕ್ಕೆ ಎಷ್ಟು ತೋಟಾ ಆಗುತ್ತದೆ ಎಂದು ಕೇಳಿದರು. "ಆದಷ್ಟು ಆಗತ್ತೆ ಸಾರ್," ಅಂದ ಚಿನ್ನಪ್ಪ. ತುಂಬುವ ಕೋಣೆಯಲ್ಲಿ ಕೂತಾಗ ಯಾರಾದರೂ ಬಾಗಿಲಲ್ಲಿ ನಿಂತು ನಮಸ್ಕಾರ ಎಂದರೆ, ಮೊದಲಾದರೆ ಎದ್ದು ನಿಂತು ಕೈ ಮುಗಿಯುತ್ತಿದ್ದವನು ಈಗ ಕತ್ತು ಎತ್ತುತ್ತಲೂ ಇರಲಿಲ್ಲ. ಹಲಗೆಯ ಮೇಲಿನದು ಮುಗಿದ ಮೇಲೆ ಎದ್ದು ಬಂದು ಕ್ಷಮೆ ಕೇಳುತ್ತಿದ್ದ. ಮುದುಕನಿಗೆ ಜಂಭ ಬಂದಿದೆ ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳಲಿ.

ಪಿಳ್ಳಮ್ಮನೂ ಬಿಡಲಿಲ್ಲ. "ವಾರವೆಲ್ಲ ಹೋಗಿ ಬಂದು ಮಾಡಿದ್ದು ಒಂದು ಪುಟ್ಟ ಡಬ್ಬಾನಾ? ಇಷ್ಟೊತ್ತಲ್ಲಿ ನಾನು ಒಂದು ಮದುವೆಗೆ ಆಗೋಷ್ಟು ಹೋಳಿಗೆ ತಟ್ಟಿರ್ತಿದ್ದೆ," ಎಂದು ಛೇಡಿಸಿದಳು. ಹಾಗೆಂದವಳೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಎಷ್ಟೋ ದಿನದ ಮೇಲೆ ಮನುಷ್ಯ ಹೊಟ್ಟೆ ತುಂಬ ಉಣ್ಣುತ್ತಿದ್ದ.

ತೋಟಾ ಸಿದ್ಧವಾದ ಮೇಲೆ ನಂದಿತಾಳಿಗೆ ಕೊಡುವ ಮೊದಲು ಚಿನ್ನಪ್ಪ ತಾನೇ ಕ್ಲಬ್ಬಿನ ಕೋವಿ ಎತ್ತಿಕೊಂಡು ಮೈದಾನಕ್ಕೆ ಇಳಿದ. ತುಂಬಿದ್ದರಲ್ಲಿ ಅಲ್ಲೊಂದು ಇಲ್ಲೊಂದು ಆರಿಸಿ ಹೊಡೆದ. ಎಲ್ಲವೂ ಒಂದೇ ದನಿಯಲ್ಲಿ ಸಿಡಿದವು, ಹೆಗಲಿಗೆ ಒಂದೇ ಹದದಲ್ಲಿ ಒದ್ದವು. ತನ್ನ ಕೈಗೆ ಏನಾದರೂ ಆದರೆ ಆಗಲಿ ಎಂಬ ಧೈರ್ಯ ಇತ್ತು, ಒಮ್ಮೆಯೂ ನಡುಗಲಿಲ್ಲ. ಖಾಲಿ ತೋಟಾಗಳನ್ನು ಹೆಕ್ಕಿ, ತಳದ ಕೇಪುಗಳನ್ನು ಬಿಸಿಲಿಗೆ ಹಿಡಿದು, ಒಂದೂ ಚಪ್ಪಟೆಯಾಗಿಲ್ಲವೆಂದು ನೋಡಿ ತಲೆಯಾಡಿಸಿದ. ಆಮೇಲೆ ನಂದಿತಾ ಬಂದು ನಿಂತಳು. ಆಗ ನೋಡಿ, ಆ ಧೈರ್ಯ ಎಲ್ಲೋ ಹೋಗಿ ಚಿನ್ನಪ್ಪ ಹಿಂದಿನ ಬೆಂಚಿನ ಮೇಲೆ ಕೂತುಬಿಟ್ಟ.

ಅವಳು ಕೋವಿ ತೆರೆದು ತೋಟಾ ಹಾಕಿ ಮುಚ್ಚಿದಳು. ಹೆಗಲಿಗೆ ಏರಿಸಿದಳು. ಹಕ್ಕಿ ಬಿಡಲು "ಪುಲ್" ಎಂದು ಕೂಗಬೇಕು. ಕೂಗಲಿಲ್ಲ. ಕೆನ್ನೆ ಕೋವಿಯ ಹಿಡಿಗೆ ಒತ್ತಿಕೊಂಡಿತ್ತು, ಎಡಗೈಯ ಆ ಎರಡು ಬೆರಳು ನಳಿಗೆಯ ಕೆಳಗೆ ನೆಟ್ಟಗೆ ನಿಂತಿದ್ದವು. ಹಾಗೇ ಸ್ವಲ್ಪ ಹೊತ್ತು ನಿಂತು, ಕೋವಿ ಇಳಿಸಿ, ತೆರೆದು, ತೋಟಾ ಹೊರಗೆ ತೆಗೆದುಬಿಟ್ಟಳು.

"ಆಗ್ತಾ ಇಲ್ಲ ಅಂಕಲ್," ಅಂದಳು. ಮುಖವೆಲ್ಲ ಬೆವತಿತ್ತು. "ನಿಮ್ಮ ಮೇಲೆ ಅನುಮಾನ ಅಲ್ಲ. ಆಗ್ತಾ ಇಲ್ಲ."

ಚಿನ್ನಪ್ಪ ಹಿಂದಿನ ಬೆಂಚಿನಿಂದ ಎದ್ದು ಬಂದ. ತರಬೇತಿ ಕೊಡುವವರು ನಿಲ್ಲುವ ಜಾಗ ಇರುತ್ತದೆ, ಹೊಡೆಯುವವರ ಹೆಗಲ ಹಿಂದೆ, ಉಸಿರು ಕೇಳುವಷ್ಟು ಹತ್ತಿರ. ಅಲ್ಲಿ ನಿಂತ. ಸದ್ದು ತಡೆಯಲು ಕಿವಿಗೆ ಹಾಕಿದ್ದ ಮುಚ್ಚಳ ಒಂದು ಕಡೆ ಸರಿಸಿಕೊಂಡು ಹೇಳಿದ, "ನಂದಿತಮ್ಮ, ಧೈರ್ಯ ತಗೋ ಅಂತ ನಾನ್ ಹೇಳಲ್ಲ. ನಂಗೇ ಇಲ್ಲ ಅದು. ಇದಕ್ಕೆ ನಾನು ಮದ್ದು ಹಾಕಿದೀನಿ, ತೂಗಿದೀನಿ, ಒಳಗೆ ಬಗ್ಗಿ ನೋಡಿದೀನಿ. ಎಲ್ಲಾ ಮಾಡಿದ್ದು ನಾನೇ. ಏನಾದ್ರೂ ಆದ್ರೆ ಅದು ನಾನೇ. ಇಲ್ಲೇ ನಿಂತಿರ್ತೀನಿ. ಈ ಸಲ ಎಲ್ಲೂ ಹೋಗಲ್ಲ."

ಅವಳು ಹಣೆಯ ಬೆವರು ಒರೆಸಿಕೊಂಡಳು. ತೋಟಾ ಮತ್ತೆ ಹಾಕಿದಳು. ಕೋವಿ ಮುಚ್ಚಿದ ಕ್ಲಿಕ್ ಸದ್ದು ಅವನಿಗೆ ಹಲ್ಲಿನವರೆಗೆ ಕೇಳಿಸಿತು. ಚಿನ್ನಪ್ಪ ಕಿವಿ ಮುಚ್ಚಿಕೊಂಡ. ಅವಳ ಬೆನ್ನು ಒಮ್ಮೆ ಏರಿ ಇಳಿಯಿತು.

"ಪುಲ್!"

ಸಿಡಿದ ಸದ್ದು. ಕ್ವಾರಿಯ ಬಂಡೆಗೆ ಬಡಿದು ಇನ್ನೊಮ್ಮೆ ಬಂತು. ಮದ್ದಿನ ವಾಸನೆ. ಕೂಗಿಲ್ಲ, ಅಳುವಿಲ್ಲ, ಯಾರೂ ಓಡಿ ಬರುತ್ತಿಲ್ಲ. ನಂದಿತಾ ಕೋವಿ ತೆರೆದು ಖಾಲಿ ತೋಟಾ ಬೀಳಿಸಿ, ಸರಕ್ಕನೆ ಹಿಂದೆ ತಿರುಗಿದಳು.

"ಹಕ್ಕಿ ಒಡೀತು ಅಂಕಲ್! ಪುಡಿಪುಡಿ! ನೋಡಿದ್ರಾ?"

ಚಿನ್ನಪ್ಪ ಕಣ್ಣು ಬಿಟ್ಟ. ಅಷ್ಟು ಹೊತ್ತೂ ಬಿಗಿಯಾಗಿ ಮುಚ್ಚಿಕೊಂಡಿದ್ದ ಕಣ್ಣಿಗೆ ಬಿಸಿಲು ಚುಚ್ಚಿ ನೀರು ಬಂತು. ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ.

"ಇಲ್ಲ ಕಣಮ್ಮ," ಎಂದ ಮೆಲ್ಲಗೆ. "ನಾನು ಕಣ್ಣು ಮುಚ್ಕೊಂಡಿದ್ದೆ."

ನಂ​ದಿತಾ ಅವನನ್ನು ದಿಟ್ಟಿಸಿದಳು. ಆಮೇಲೆ ನಗು ಬಂತು ಅವಳಿಗೆ, ಹೊಟ್ಟೆಯಿಂದ ಬಂದ ನಗು, ಕೋವಿ ತೋಳಿನ ಮೇಲೆ ಕುಣಿಯುವಂಥ ನಗು. "ನಾನು ಮುಚ್ಚಲಿಲ್ಲ," ಎಂದು, ಎಡಗೈ ಮುಂದೆ ಚಾಚಿದಳು. "ಇನ್ನೊಂದು ಕೊಡಿ ಅಂಕಲ್. ಈ ಸಲ ನೀವೂ ನೋಡಿ."